ಮಂಗಳವಾರದ ಗಿರಾಕಿ

ನನ್ನ ಓರಗಿತ್ತಿ ಮುಖಕ್ಕೆ ಹಚ್ಚುವ ಕ್ರೀಮು ಮಾರುತ್ತಾಳೆ. ಹಾಗೆಂದು ಅವಳೆದುರು ಹೇಳಿದರೆ ಮುಖ ಚಿಕ್ಕದು ಮಾಡಿಕೊಳ್ಳುತ್ತಾಳೆ. "ಮಾರೋದಲ್ಲ ಅಕ್ಕಾ, ಸಲಹೆ ಕೊಡೋದು. ನಾನು ಸೌಂದರ್ಯ ಸಲಹೆಗಾರ್ತಿ" ಎನ್ನುತ್ತಾಳೆ. ಆಹಾ! ಮನೆಮನೆಯ ಬಾಗಿಲು ತಟ್ಟಿ ಡಬ್ಬಿ ದಾಟಿಸುವುದಕ್ಕೆ ಸಲಹೆ ಎನ್ನುವುದಾದರೆ ತರಕಾರಿ ಗಾಡಿಯವನನ್ನು ಆರೋಗ್ಯ ಮಂತ್ರಿ ಎನ್ನಬೇಕು. ನನ್ನ ಮೈದುನನ ಹೆಂಡತಿ ಅವಳು, ಹನ್ನೊಂದು ವರ್ಷದಿಂದ ಇದೇ ಕಸುಬು. ಕೆನ್ನೆಯ ಮೇಲೆ ಸದಾ ಏನಾದರೊಂದು ಮಿನುಗುತ್ತಿರುವುದರಿಂದ ನಾನು ಅವಳಿಗೆ ಮಿಣುಕಿ ಎಂದು ಹೆಸರಿಟ್ಟಿದ್ದೇನೆ. ಎದುರಿಗೇ ಹಾಗೆ ಕರೆಯುತ್ತೇನೆ. ಕರೆದರೆ ನಗುತ್ತಾಳೆ. ಮಾನ ಮರ್ಯಾದೆ ಇದ್ದವರು ಅದಕ್ಕೆ ನಗುತ್ತಾರೆಯೇ?

ಪ್ರತಿ ಮಂಗಳವಾರ ಸಂಜೆ ತನ್ನ ಸುತ್ತಾಟ ಮುಗಿಸಿ, ಗುಲಾಬಿ ಬಣ್ಣದ ಪೆಟ್ಟಿಗೆ ಹಿಡಿದುಕೊಂಡು ನನ್ನ ಮನೆಗೆ ಬರುತ್ತಾಳೆ. ಮೇಜಿನ ಮೇಲೆ ಡಬ್ಬಿ ಜೋಡಿಸುತ್ತಾಳೆ. ನಾನು ಒಂದೊಂದನ್ನೇ ಎತ್ತಿ, ಮೂಸಿ, ಕೆಳಗಿಡುತ್ತೇನೆ.

"ಇದೇನೇ, ಮುಖಕ್ಕೋ ಗೋಡೆಗೋ?"

"ಮುಖಕ್ಕೇ ಅಕ್ಕಾ. ಹಗಲು ಹಚ್ಚೋದು."

"ರಾತ್ರಿಗೆ ಬೇರೆ ಇದೆಯಾ? ಹಾಗಾದ್ರೆ ಮಧ್ಯಾಹ್ನದ ನಿದ್ದೆಗೆ ಯಾವುದು?"

ಅವಳು ನಗುತ್ತ ಎಲ್ಲವನ್ನೂ ಮತ್ತೆ ಪೆಟ್ಟಿಗೆಗೆ ತುಂಬುತ್ತಾಳೆ, ಟೀ ಕುಡಿಯುತ್ತಾಳೆ, ಹೋಗುತ್ತಾಳೆ. ಹನ್ನೊಂದು ವರ್ಷದಲ್ಲಿ ನಾನು ಒಂದೇ ಒಂದು ಡಬ್ಬಿ ಕೊಂಡವಳಲ್ಲ. ಆದರೂ ಮುಂದಿನ ಮಂಗಳವಾರ ಮತ್ತೆ ಹಾಜರು. ಎಂಥ ಮಂದಚರ್ಮ ಇರಬೇಕು ಎಂದುಕೊಳ್ಳುತ್ತಿದ್ದೆ. ಅಷ್ಟೆಲ್ಲ ಕ್ರೀಮು ಹಚ್ಚಿದರೆ ಇನ್ನೇನಾಗುತ್ತದೆ.

ನನ್ನದು ಮಾತ್ರ ಮರ್ಯಾದೆಯ ಕೆಲಸ. ಇಪ್ಪತ್ತೆರಡು ವರ್ಷದಿಂದ ಡ್ರೈ ಕ್ಲೀನಿಂಗ್ ಅಂಗಡಿಯ ಕೌಂಟರಿನಲ್ಲಿ ನಿಂತಿದ್ದೇನೆ. ನಮ್ಮಲ್ಲಿ ಒಂದು ಪದ್ಧತಿ ಇದೆ. ಬಟ್ಟೆ ಒಳಗೆ ಹೋಗುವ ಮೊದಲು ಅದನ್ನು ಗಿರಾಕಿಯ ಎದುರೇ ಹರಡಬೇಕು, ಕಲೆ ಇದ್ದಲ್ಲೆಲ್ಲ ಸೀಮೆಸುಣ್ಣದಲ್ಲಿ ಸುತ್ತು ಹಾಕಬೇಕು, ಇಂಥದ್ದು ಇಂಥಲ್ಲಿ ಇದೆ ಎಂದು ಗಟ್ಟಿಯಾಗಿ ಹೇಳಿ ಚೀಟಿಯಲ್ಲಿ ಬರೆಯಬೇಕು. ಇಲ್ಲದಿದ್ದರೆ ಆಮೇಲೆ ಬಂದು, ಈ ಕಲೆ ನಿಮ್ಮಲ್ಲೇ ಆಯಿತು ಎಂದು ರಂಪ ಮಾಡುತ್ತಾರೆ. ಬೇರೆ ಅಂಗಡಿಗಳಲ್ಲಿ ಪಿಸುಗುಟ್ಟಿ ಬರೆದುಕೊಳ್ಳುತ್ತಾರಂತೆ. ನನಗೆ ಪಿಸುಗುಟ್ಟಿ ಅಭ್ಯಾಸವಿಲ್ಲ. "ಕಂಕುಳಲ್ಲಿ ಬೆವರು, ಎರಡೂ ಕಡೆ. ಹಳೇದು. ಹೋಗುತ್ತೆ ಅಂತ ಖಾತ್ರಿ ಇಲ್ಲ." ಹಿಂದೆ ಸಾಲಿನಲ್ಲಿ ನಿಂತವರಿಗೆಲ್ಲ ಕೇಳಿಸುತ್ತದೆ. ಕೇಳಿಸಲಿ ಬಿಡಿ, ಬೆವರಿದ್ದು ನಾನಲ್ಲವಲ್ಲ! ಕೆಲವರು ಕೆಂಪಾಗುತ್ತಾರೆ, ಕೆಲವರು ಚೀಟಿ ಕಿತ್ತುಕೊಂಡು ಹೋಗುತ್ತಾರೆ, ಇನ್ನು ಕೆಲವರು ಮತ್ತೆ ಈ ಕಡೆ ತಲೆ ಹಾಕುವುದಿಲ್ಲ. ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ. ಒದೆಯಲಿ.

ಈ ಅಂಗಡಿ ತಿಂಗಳ ಕೊನೆಗೆ ಮುಚ್ಚುತ್ತದೆ ಎಂದು ಸಾಹುಕಾರರು ಹೇಳಿದರು. ಅವರಿಗೆ ವಯಸ್ಸಾಯಿತು, ಯಂತ್ರಗಳಿಗೆ ಅವರಿಗಿಂತ ಹೆಚ್ಚು ವಯಸ್ಸಾಗಿದೆ. ನನಗೆ ಐವತ್ನಾಲ್ಕು. ಗಂಡ ಹೋಗಿ ಆರು ವರ್ಷವಾಯಿತು, ಮಕ್ಕಳಿಲ್ಲ. ಗಂಡನ ಪಿಂಚಣಿ ಬರುತ್ತದೆ, ಊಟಕ್ಕೆ ಯೋಚನೆಯಿಲ್ಲ. ನನ್ನನ್ನು ಹಿಂಡುತ್ತಿದ್ದ ಯೋಚನೆ ಬೇರೆ. ಒಂದನೇ ತಾರೀಖಿನ ಬೆಳಿಗ್ಗೆ ಎದ್ದು, ತಲೆ ಬಾಚಿಕೊಂಡು ಎಲ್ಲಿಗೆ ಹೋಗುವುದು? ಯಾರ ಜೊತೆ ಒಂದು ಮಾತಾಡುವುದು? ನನಗೆ ಭಯವಾಗಿತ್ತು. ಅದನ್ನು ಯಾರಿಗೂ ಹೇಳಿರಲಿಲ್ಲ.

ಅಂಗಡಿಯ ಸುದ್ದಿ ಮಿಣುಕಿಯ ಕಿವಿಗೆ ಬಿತ್ತು. ಮಂಗಳವಾರ ಟೀ ಲೋಟ ತಿರುಗಿಸುತ್ತ ಹೇಳಿದಳು, "ಭಾನುವಾರ ನಮ್ಮದೊಂದು ಸಭೆ ಇದೆ ಅಕ್ಕಾ. ಸುಮ್ನೆ ಬನ್ನಿ. ನಾಲ್ಕು ಜನರ ಮಧ್ಯೆ ಕೂತು, ಟೀ ಕುಡ್ಕೊಂಡು ಬರೋಣ."

ಸುಮ್ಮನೆಯಂತೆ! ಈ ಜನ ಸುಮ್ಮನೆ ಕೆಮ್ಮುವುದೂ ಇಲ್ಲ. ನನ್ನನ್ನು ತಮ್ಮ ಗುಂಪಿಗೆ ಎಳೆದುಕೊಳ್ಳಲು ಬಲೆ ಬೀಸುತ್ತಿದ್ದಾಳೆ ಎಂದು ಗೊತ್ತಾಯಿತು. ಒಬ್ಬೊಬ್ಬರನ್ನು ಸೇರಿಸಿದಾಗಲೂ ಇವರಿಗೆ ಒಂದು ಪಿನ್ನು ಕೊಡುತ್ತಾರೆ, ಎದೆಗೆ ಚುಚ್ಚಿಕೊಂಡು ತಿರುಗುತ್ತಾರೆ. ನೋಡೋಣ, ಎಷ್ಟು ಕುಣಿಯುತ್ತಾರೆ ನೋಡೋಣ ಎಂದು ಹೊರಟೆ.

ಸಭೆ ನಡೆದದ್ದು ಪೀಠೋಪಕರಣದ ಅಂಗಡಿಯ ಮೇಲಿನ ಹಾಲಿನಲ್ಲಿ. ಪ್ಲಾಸ್ಟಿಕ್ ಕುರ್ಚಿಗಳು, ಗೋಡೆಗೆ ಅಂಟಿಸಿದ ಗುಲಾಬಿ ಬಲೂನುಗಳು, ಕಿವಿ ಕಿತ್ತುಹೋಗುವ ಹಾಡು. ನಲವತ್ತು ಹೆಂಗಸರು ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದರು, ಯಾಕೆಂದು ಒಬ್ಬರಿಗೂ ಗೊತ್ತಿದ್ದಂತಿರಲಿಲ್ಲ. ಅವರ ಮುಖ್ಯಸ್ಥೆ ತಲೆಗೆ ಕಿರೀಟ ಇಟ್ಟುಕೊಂಡು ಬಂದಳು. ಸುಳ್ಳಲ್ಲ, ನಿಜವಾದ ಪ್ಲಾಸ್ಟಿಕ್ ಕಿರೀಟ. ಆ ವರ್ಷ ಎಲ್ಲರಿಗಿಂತ ಹೆಚ್ಚು ಮಾರಿದ್ದಕ್ಕೆ ಕೊಟ್ಟದ್ದಂತೆ. ಮೊಮ್ಮಕ್ಕಳಿರುವ ಹೆಂಗಸು! ನಾನು ನಗು ತಡೆಯಲು ಕರ್ಚೀಫು ಬಾಯಿಗೆ ಒತ್ತಿಕೊಂಡೆ. ಮಿಣುಕಿ ನಾನು ಅಳುತ್ತಿದ್ದೇನೆ ಎಂದುಕೊಂಡು ಬೆನ್ನು ಸವರಿದಳು.

ಒಬ್ಬೊಬ್ಬರೇ ಎದ್ದು ತಮ್ಮ ಕಥೆ ಹೇಳಿದರು. ಒಬ್ಬಳಿಗೆ ಮೊದಲು ಯಾರ ಮುಖ ನೋಡಿದರೂ ನಾಚಿಕೆಯಾಗುತ್ತಿತ್ತಂತೆ, ಈಗ ಆಗುವುದಿಲ್ಲವಂತೆ. ಸ್ವಲ್ಪ ಆಗುತ್ತಿದ್ದರೆ ಚೆನ್ನಾಗಿತ್ತು. ಇನ್ನೊಬ್ಬಳು ಅತ್ತಳು. ಅವಳ ಕಣ್ಣಿನ ಕಪ್ಪು ಕೆನ್ನೆಗಿಳಿದು, ಕೆನ್ನೆಯಿಂದ ಕಾಲರಿಗಿಳಿಯಿತು. ಅದು ಅಷ್ಟು ಸುಲಭಕ್ಕೆ ಹೋಗುವ ಕಲೆಯಲ್ಲ. ಎಲ್ಲರೂ ಅವಳ ಜೊತೆ ಅತ್ತರು. ಮೇಲೆ ಥಳುಕು, ಒಳಗೆ ಹುಳುಕು ಎಂದು ಮನಸ್ಸಿನಲ್ಲೇ ಅಂದುಕೊಂಡು ಬಿಸ್ಕತ್ತು ತಿಂದೆ.

ಆಮೇಲೆ ಅಭ್ಯಾಸ. ಇವರ ಕಸುಬಿನ ಗುಟ್ಟು ಇದರಲ್ಲಿದೆ. ಗಿರಾಕಿಯ ಮುಖದ ಅರ್ಧಕ್ಕೆ ಮಾತ್ರ ಹಚ್ಚುತ್ತಾರೆ, ಎಡಗೆನ್ನೆಗೆ. ಬಲಗೆನ್ನೆಯನ್ನು ಹಾಗೇ ಬಿಟ್ಟು ಕೈಗೆ ಕನ್ನಡಿ ಕೊಡುತ್ತಾರೆ. ಯಾವ ಕಡೆ ಇಷ್ಟವಾಯಿತು ಎಂದು ಕೇಳುತ್ತಾರೆ. ಅರ್ಧ ಮುಖ ಇಟ್ಟುಕೊಂಡು ಯಾವ ಹೆಂಗಸು ಬೀದಿಗಿಳಿಯುತ್ತಾಳೆ? ಉಳಿದರ್ಧಕ್ಕೆ ಡಬ್ಬಿ ಕೊಳ್ಳಲೇಬೇಕು. ಖದೀಮರು ಎಂದರೆ ಇವರು.

ಹೊಸದಾಗಿ ಬಂದವರನ್ನು ಇಬ್ಬಿಬ್ಬರಾಗಿ ಕೂರಿಸಿದರು. ನನ್ನೆದುರು ಕೂತದ್ದು ಒಬ್ಬ ಶಿಶುವಿಹಾರದ ಟೀಚರು, ಮೂವತ್ತರ ಆಸುಪಾಸು. ದುಂಡು ಮುಖ, ಕಣ್ಣು ಮುಚ್ಚಿ ಗದ್ದ ಎತ್ತಿ ಮಕ್ಕಳ ಹಾಗೆ ಕೂತಿದ್ದಳು. ಹಚ್ಚುವ ಮೊದಲು ಗಿರಾಕಿಯ ಚರ್ಮ ನೋಡಿ ಎರಡು ಮಾತು ಹೇಳಬೇಕು ಎಂದು ಕಿರೀಟದಮ್ಮ ಕೂಗಿದಳು. ಅಷ್ಟು ಸಾಕಾಯಿತು. ನೋಡಿ ಹೇಳುವುದರಲ್ಲಿ ನನ್ನದು ಎತ್ತಿದ ಕೈ. ದೀಪದ ಕಡೆಗೆ ಅವಳ ಮುಖ ತಿರುಗಿಸಿ, ಅಂಗಡಿಯಲ್ಲಿ ಹೇಳುವ ಹಾಗೇ ಗಟ್ಟಿಯಾಗಿ ಹೇಳಿದೆ.

"ಮೂಗಿನ ಪಕ್ಕ ಕಪ್ಪು ಚುಕ್ಕಿ, ಎರಡೂ ಕಡೆ. ಗದ್ದದ ಮೇಲೆ ಮೊಡವೆ ಹಿಸುಕಿದ ಗುರುತು, ಏಳು. ಕಣ್ಣಿನ ಕೆಳಗೆ ನಿದ್ದೆ ಇಲ್ಲದ ಕಪ್ಪು, ಹಳೇದು. ಹೋಗುತ್ತೆ ಅಂತ ಖಾತ್ರಿ ಇಲ್ಲ."

ಕೈಯಲ್ಲಿ ಹತ್ತಿ ಹಿಡಿದಿದ್ದೆ, ಸೀಮೆಸುಣ್ಣ ಇದ್ದಿದ್ದರೆ ಸುತ್ತೂ ಹಾಕಿಬಿಡುತ್ತಿದ್ದೆನೋ ಏನೋ. ಹಾಡು ನಿಂತಿತ್ತು, ಹಾಲಿನಲ್ಲೆಲ್ಲ ನನ್ನ ದನಿಯೇ. ಟೀಚರು ಕಣ್ಣು ಬಿಟ್ಟಳು. ಕನ್ನಡಿಯನ್ನು ಮೆಲ್ಲಗೆ ಕವುಚಿ ಇಟ್ಟು, ಕೈಚೀಲ ತೆಗೆದುಕೊಂಡು, ಬಚ್ಚಲು ಎಲ್ಲಿ ಎಂದು ಯಾರನ್ನೋ ಕೇಳಿ ಹೋದಳು. ಮತ್ತೆ ಬರಲಿಲ್ಲ. ಕಿರೀಟದಮ್ಮ ಮಿಣುಕಿಯನ್ನು ಮೂಲೆಗೆ ಕರೆದು ಕಿವಿಯಲ್ಲಿ ಏನೋ ಹೇಳಿದಳು, ಇಬ್ಬರೂ ನನ್ನ ಕಡೆ ನೋಡಿದರು. ಮುಖವನ್ನು ಇಷ್ಟು ಚುರುಕಾಗಿ ಓದುವವಳನ್ನು ಇವರು ಕಂಡಿರಲಿಕ್ಕಿಲ್ಲ ಎಂದುಕೊಂಡೆ. ಬಾಗಿಲ ಬಳಿಯ ಮೇಜಿನ ಮೇಲೆ ಸೇರುವವರ ಅರ್ಜಿ ಇಟ್ಟಿದ್ದರು. ಬರುವಾಗ ಒಂದನ್ನು ಮಡಚಿ ಚೀಲಕ್ಕೆ ಹಾಕಿಕೊಂಡೆ.

ಸೇರಬೇಕೋ ಬೇಡವೋ? ಎರಡು ದಿನ ಇದೇ ಆಯಿತು. ಒಂದು ಮನಸ್ಸು, ಥೂ, ಈ ವಯಸ್ಸಿನಲ್ಲಿ ಕಂಡವರ ಕೆನ್ನೆ ಸವರುತ್ತ ತಿರುಗುವುದಾ ಎನ್ನುತ್ತಿತ್ತು. ಇನ್ನೊಂದು ಮನಸ್ಸು, ಬೆಳಿಗ್ಗೆ ಎದ್ದು ಹೋಗಲು ಹತ್ತು ಮನೆ ಇರುತ್ತವಲ್ಲ ಎನ್ನುತ್ತಿತ್ತು. ಹತ್ತು ಬಾಗಿಲು ತೆರೆಯುತ್ತವೆ, ಒಳಗೆ ಬನ್ನಿ ಎನ್ನುತ್ತಾರೆ, ಕುರ್ಚಿ ಎಳೆದು ಹಾಕುತ್ತಾರೆ. ಪಾತ್ರೆ ತೊಳೆಯುತ್ತಿದ್ದವಳು ನಲ್ಲಿ ಬಿಟ್ಟುಕೊಂಡೇ ನಿಂತುಬಿಟ್ಟಿದ್ದೆ.

ಮಂಗಳವಾರ ಮಿಣುಕಿ ಬಂದಳು. ಸೇರಿ ಅಕ್ಕಾ ಎಂದು ಗೋಗರೆಯಲಿ, ಎರಡು ಸಲ ಬೇಡ ಎಂದು ಬಿಗುಮಾನ ತೋರಿಸಿ ಮೂರನೆಯ ಸಲಕ್ಕೆ ಒಪ್ಪೋಣ ಎಂದು ಕಾದೆ. ಅವಳು ಅದರ ಸುದ್ದಿಯನ್ನೇ ಎತ್ತಲಿಲ್ಲ. ಪಕ್ಕದ ಬೀದಿಯಲ್ಲಿ ನಾಯಿ ಮರಿ ಹಾಕಿದ್ದು, ಮೈದುನನ ಹಲ್ಲುನೋವು, ಇಂಥದ್ದೇ ಮಾತು. ಬಲು ಜಾಣೆ, ನಾನಾಗಿ ಬಾಯಿ ಬಿಡಲಿ ಎಂದು ಆಡಿಸುತ್ತಿದ್ದಾಳೆ ಎಂದುಕೊಂಡೆ. ಆಯಿತು ಮಾರಾಯ್ತಿ, ನಿನಗೂ ಒಂದು ಪಿನ್ನು ಸಿಗಲಿ. ನನ್ನಂಥವಳು ಸೇರಿದರೆ ಆ ಗುಂಪಿಗೇ ಒಂದು ತೂಕ ಬರುತ್ತದೆ.

ಆ ರಾತ್ರಿಯೇ ಅರ್ಜಿ ತುಂಬಿದೆ, ಅಂಗಡಿಯ ಚೀಟಿಯ ಮೇಲೆ ಬರೆಯುವಷ್ಟೇ ದುಂಡಗೆ. ಬಚ್ಚಲ ಕನ್ನಡಿಯೆದುರು ನಿಂತು, ಬಾಗಿಲು ತೆರೆದವರಿಗೆ ಹೇಗೆ ನಗಬೇಕೆಂದು ಅಭ್ಯಾಸ ಮಾಡಿದೆ. ಮೂರು ಸಲ ನಕ್ಕೆ. ಕೆನ್ನೆ ನೋಯಿತು. ಕೊನೆಯ ಸಾಲಿನಲ್ಲಿ, ನಿಮ್ಮನ್ನು ಕರೆತಂದವರ ಸಹಿ ಎಂದಿತ್ತು. ಮಿಣುಕಿಯ ಸಹಿ ಬೇಕು. ಗುರುವಾರ ಅಂಗಡಿಯಿಂದ ನೇರ ಬರುತ್ತೇನೆ, ಒಂದು ಮಾತು ಹೇಳುವುದಿದೆ ಎಂದು ಅವಳಿಗೆ ಫೋನು ಮಾಡಿದೆ.

ಅವಳ ಮನೆಗೆ ನಾನು ಹೋಗಿ ಎಷ್ಟು ಕಾಲವಾಗಿತ್ತೋ, ಮೆಟ್ಟಿಲಿಗೆ ಹೊಸ ಬಣ್ಣ ಬಳಿದದ್ದೇ ಗೊತ್ತಿರಲಿಲ್ಲ. ಮಿಣುಕಿ ಬಾಗಿಲು ತೆರೆದು, "ಅಯ್ಯೋ ಬನ್ನಿ ಅಕ್ಕಾ, ಕೂತ್ಕೊಳ್ಳಿ, ಟೀಗೆ ಇಟ್ಟು ಬಂದೆ" ಎಂದು ಅಡುಗೆಮನೆಗೆ ಓಡಿದಳು. ಮೇಜಿನ ಮೇಲೆ ಚಪ್ಪಲಿ ಡಬ್ಬಿಯಷ್ಟು ಉದ್ದದ ಪೆಟ್ಟಿಗೆ, ಅದರೊಳಗೆ ಒತ್ತಾಗಿ ಜೋಡಿಸಿದ ಕಾರ್ಡುಗಳು. ಗಿರಾಕಿಗೆ ಒಂದರಂತೆ. ಒಂದನ್ನು ಎಳೆದು ನೋಡಿದೆ. 'ಎಣ್ಣೆ ಚರ್ಮ. ಮೊಣಕಾಲು ನೋವು, ಕೇಳಬೇಕು. ಮೂರು ಗಂಟೆಗೆ ಮೊದಲು ಹೋಗಬಾರದು, ಮಲಗಿರುತ್ತಾರೆ.' ಇನ್ನೊಂದು: 'ಸೊಸೆ ಎದುರಿಗೆ ಮೈಬಣ್ಣದ ಮಾತು ಬೇಡ. ಮಗನ ಪರೀಕ್ಷೆ ಏನಾಯಿತು ಕೇಳಬೇಕು.' ಆಹಾ, ಕಣ್ಣೀರಿಗೂ ಕಾರ್ಡು ಮಾಡಿಟ್ಟಿದ್ದಾಳೆ ಎಂದು ನಗು ಬಂತು. ಆಮೇಲಿನ ಕಾರ್ಡಿನ ತಲೆಯ ಮೇಲೆ 'ಅಕ್ಕ' ಎಂದಿತ್ತು.

ಅಂಚು ಮಾಸಿ ಹೋದ ಹಳೆಯ ಕಾರ್ಡು. ಕೊಂಡದ್ದು ಎಂಬಲ್ಲಿ ಒಂದು ಗೀರು. ಅದರ ಕೆಳಗೆ ಬೇರೆ ಬೇರೆ ಶಾಯಿಯಲ್ಲಿ ಬರೆದಿತ್ತು. 'ಒಣ ಚರ್ಮ. ಹೇಳಬಾರದು. ಏನೂ ಕೊಳ್ಳುವುದಿಲ್ಲ, ಕೇಳಬಾರದು. ಮಂಗಳವಾರ ತಪ್ಪಿಸಬಾರದು, ಬೇರೆ ಯಾರೂ ಹೋಗುವುದಿಲ್ಲ. ಬೈದರೆ ಬೈಯಲಿ, ಬೈದ ಮೇಲೆ ಗೆಲುವಾಗುತ್ತಾರೆ.' ಕೊನೆಯ ಸಾಲು ಹೊಸದು, ಭಾನುವಾರದ ತಾರೀಖು ಹಾಕಿತ್ತು. 'ಸೇರಿಸುವುದು ಬೇಡ ಅಂದರು ಮೇಡಂ. ನನಗೂ ಬೇಡ ಅನ್ನಿಸಿತು, ಪಾಪ ಆ ಟೀಚರು ಬಚ್ಚಲಲ್ಲಿ ಅಳುತ್ತಿದ್ದಳು. ಅಕ್ಕನಿಗೆ ಗೊತ್ತಾಗಬಾರದು.'

ಎರಡು ಸಲ ಓದಿದೆ. ಇವಳಾ? ಈ ಮಿಣುಕಿ, ನನ್ನನ್ನು ಬೇಡ ಅನ್ನುವುದಾ? ಹನ್ನೊಂದು ವರ್ಷದಿಂದ ನಾನು ಬೈದದ್ದನ್ನೆಲ್ಲ, ಅದೇ ನನಗೆ ಔಷಧಿ ಎಂದು ಅವಳು ಕೇಳಿಸಿಕೊಳ್ಳುತ್ತಿದ್ದಳು, ನಾನು ಗೆದ್ದೆ ಎಂದುಕೊಳ್ಳುತ್ತಿದ್ದೆ. ಪೆಟ್ಟಿಗೆಯನ್ನು ಎತ್ತಿ ಬಿಸಾಡಬೇಕು ಅನ್ನಿಸಿತು. ಎತ್ತಲಿಲ್ಲ. ಕಾರ್ಡನ್ನು ಇದ್ದಲ್ಲೇ ಸಿಕ್ಕಿಸಿ, ತುಂಬಿದ ಅರ್ಜಿಯನ್ನು ಚೀಲದ ಅಡಿಗೆ ತುರುಕಿದೆ.

ಮಿಣುಕಿ ಟೀ ತಂದಿಟ್ಟಳು. "ಏನೋ ಹೇಳೋದಿದೆ ಅಂದ್ರಲ್ಲ ಅಕ್ಕಾ?"

"ಅದೇ, ನಿಮ್ಮ ಗುಂಪು. ನಾನು ಸೇರಲ್ಲ. ನಂಗೆ ಅದೆಲ್ಲ ಸರಿ ಹೋಗಲ್ಲ."

ಭಾರ ಇಳಿದವಳ ಹಾಗೆ ಅವಳ ಹೆಗಲು ಸಡಿಲಾಯಿತು. ಮುಚ್ಚಿಡಲು ನೋಡಿದಳು, ಆದರೆ ಇಪ್ಪತ್ತೆರಡು ವರ್ಷ ಮಂದಿಯನ್ನು ನೋಡಿದ ಕಣ್ಣು ನನ್ನದು. "ಬಿಡಿ ಅಕ್ಕಾ. ನಾನೇನು ಒತ್ತಾಯ ಮಾಡಿದ್ನಾ? ನಿಮ್ಮಂಥೋರಿಗೆ ಅದೆಲ್ಲ ಯಾಕೆ" ಎಂದಳು.

ಟೀ ಕುಡಿದೆವು. ಸಕ್ಕರೆ ನನಗೆ ಬೇಕಾದಷ್ಟೇ ಇತ್ತು. ಬಾಗಿಲವರೆಗೆ ಬಂದು ನನ್ನ ಚೀಲದ ಹಿಡಿಕೆ ಸರಿಮಾಡಿದಳು.

"ಮಂಗಳವಾರ ಬರ್ಲಾ ಅಕ್ಕಾ?"

ನೀನು ಬರದಿದ್ದರೆ ಊರೇನು ಮುಳುಗುತ್ತದಾ ಎಂಬ ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಇಂಥವು ನನ್ನ ಹತ್ತಿರ ನೂರು ಇವೆ. ಒಂದೂ ಹೊರಗೆ ಬರಲಿಲ್ಲ.

"ಬಾ" ಎಂದೆ. ಎರಡು ಮೆಟ್ಟಿಲು ಇಳಿದು, ಹಿಂತಿರುಗಿ ನೋಡದೆ ಹೇಳಿದೆ, "ಸ್ವಲ್ಪ ಬೇಗ ಬಾ."