ಸರ್ವರಬಿಗೆ ನಿಲ್ಲುವ ಟ್ರಾಮ್

ಊರಿಗೊಂದು ದಾರಿಯಾದರೆ ಯಡವಟ್ಟನಿಗೊಂದು ದಾರಿ ಅನ್ನುತ್ತಾರಲ್ಲ, ಬಳ್ಳಾರಿಯ ಕೌಲ್ ಬಜಾರಿನವರು ಆ ಗಾದೆಯನ್ನು ಅಮೀರಸಾಬನಿಗೇ ಮೀಸಲಿಟ್ಟಿದ್ದರು. ಮನುಷ್ಯ ಕೆಟ್ಟವನಲ್ಲ. ಜೀನ್ಸ್ ಹೊಲಿಯುವ ಕಾರ್ಖಾನೆಗಳಲ್ಲಿ ಮಿಷನ್ ರಿಪೇರಿ ಮಾಡಿಕೊಂಡು ಮಕ್ಕಳನ್ನು ದಡ ಸೇರಿಸಿದವನು. ನಮಾಜು ತಪ್ಪಿಸಿದವನಲ್ಲ, ಯಾರ ಜಗಳಕ್ಕೂ ತಲೆ ಹಾಕಿದವನಲ್ಲ. ಆದರೆ ಒಂದೇ ಒಂದು ಹುಚ್ಚು. ಬಳ್ಳಾರಿಯವರು ಸಿನಿಮಾದಲ್ಲಿ ಬಿಟ್ಟರೆ ಎಲ್ಲೂ ಕಾಣದ ಟ್ರಾಮ್ ಗಾಡಿಯನ್ನು ಅವನು ತನ್ನ ಮನೆಯ ಪಡಸಾಲೆಯಲ್ಲಿ ಕೂತು ಕಟ್ಟುತ್ತಿದ್ದ.

ಆಟಿಕೆ ಅಂದುಕೊಳ್ಳಬೇಡಿ. ಒಬ್ಬ ಆಳು ಅಡ್ಡ ಮಲಗಿದರೆ ಎಷ್ಟುದ್ದವೋ ಅಷ್ಟುದ್ದ, ಸೊಂಟದೆತ್ತರ. ಮೇಲೆ ಹಳದಿ, ಕೆಳಗೆ ಕೆಂಪು ಬಣ್ಣ. ಕಿಟಕಿಗೆಲ್ಲ ಗಾಜು, ಒಳಗೆ ಗೇಣುದ್ದದ ಮರದ ಬೆಂಚು. ತಗಡಿಗೆ ತಗಡು ಕೂಡಿಸಿದ್ದು ಜೀನ್ಸ್ ಜೇಬಿಗೆ ಹೊಡೆಯುವ ತಾಮ್ರದ ರಿವಿಟ್ಟಿನಿಂದ. ನೆತ್ತಿಯ ಮೇಲೊಂದು ಉದ್ದನೆಯ ಕೋಲು. ಆ ಕೋಲು ಮೇಲಿನ ತಂತಿಯನ್ನು ಮುಟ್ಟಿಕೊಂಡೇ ಓಡಬೇಕು. ಬ್ಯಾಟರಿಯನ್ನು ಗಾಡಿಯ ಹೊಟ್ಟೆಯಲ್ಲೇ ಇಟ್ಟರೆ ಮುಗಿಯಿತಲ್ಲ ಅಂತ ಯಾರಾದರೂ ಬುದ್ಧಿ ಹೇಳಿದರೆ ಅವನಿಗೆ ಸರ್ರನೆ ಸಿಟ್ಟು ಬರುತ್ತಿತ್ತು.

"ತಂತಿ ಇಲ್ಲ, ಕೋಲು ಇಲ್ಲ ಅಂದಮ್ಯಾಲೆ ಅದು ಬಸ್ಸಪಾ. ಬಸ್ಸು ಮೋತಿ ಸರ್ಕಲ್ನಾಗ ಬೇಕಾದಷ್ಟು ಅದಾವು, ಹೋಗಿ ಹತ್ತು," ಎನ್ನುತ್ತಿದ್ದ.

ಎದುರಿನ ಚಹಾದ ಅಂಗಡಿಯ ವೆಂಕಣ್ಣನದು ದಿನಾ ಒಂದೇ ಕುಚೋದ್ಯ. "ಅಮೀರಣ್ಣ, ಗಾಡಿ ಏನೋ ಆತು. ಬಾಗಲಾ ದಾಟತೈತೇನು?"

"ದಾಟದಿದ್ರ ಬಾಗಲಾನ ಕೀಳ್ತೀನಿ, ನಿಂಗೇನಾತು?"

ಈ ಹುಚ್ಚಿನ ಬೇರು ಕಲ್ಕತ್ತಾದಲ್ಲಿತ್ತು. ಮೀಸೆ ಚಿಗುರುವ ವಯಸ್ಸಿನಲ್ಲಿ ಅಮೀರಸಾಬ್ ಮಿಷನ್ ಕೆಲಸ ಕಲಿಯಲು ಅಲ್ಲಿಗೆ ಹೋಗಿ ಕೆಲವು ತಿಂಗಳು ಇದ್ದ. ದಿನಾ ಟ್ರಾಮಿನಲ್ಲಿ ಓಡಾಡಿದ್ದ. ಮದುವೆಯಾದ ಹೊಸದರಲ್ಲಿ ಹೆಂಡತಿ ಸರ್ವರಬಿಗೆ ಅದರದ್ದೇ ಕತೆ: ಅದು ಗಂಟೆ ಬಾರಿಸುವ ಚೆಂದ, ಕಿಟಕಿಯ ಗಾಳಿ, ತಿರುವಿನಲ್ಲಿ ಕಿರ್ರೋ ಅನ್ನುವ ಚಕ್ರ. ಎಲ್ಲ ಕೇಳಿ ಅವಳು ಒಂದೇ ಪ್ರಶ್ನೆ ಕೇಳಿದ್ದಳು.

"ಸೀರಿ ಉಟ್ಟೋರು ಹೆಂಗ ಹತ್ತಬೇಕ್ರಿ? ನಮ್ಮಂಥೋರಿಗೆ ನಿಂದ್ರತೈತೇನು?"

ಪೂರ್ತಿ ನಿಲ್ಲುವುದಿಲ್ಲ, ಓಡುತ್ತಿರುವಾಗಲೇ ಜನ ಹಾರಿ ಹತ್ತುತ್ತಾರೆ ಅನ್ನುವುದು ಅವನಿಗೆ ಗೊತ್ತಿತ್ತು. ಆದರೂ ಹೊಸ ಗಂಡ ನೋಡಿ! "ನೀ ಕೈ ಮಾಡು, ನಿಂದ್ರತೈತಿ. ಕರಕೊಂಡು ಹೋಗಿ ತೋರಸ್ತೀನಿ," ಅಂದಿದ್ದ.

ಕರೆದುಕೊಂಡು ಹೋಗಲಿಲ್ಲ. ಮಕ್ಕಳಾದರು, ಮಾವನವರು ಹಾಸಿಗೆ ಹಿಡಿದರು, ಸಂಸಾರ ಅಂದಮೇಲೆ ಒಂದೇ ಎರಡೇ. ಸರ್ವರಬಿಯೂ ಜೀನ್ಸ್ ಕಾರ್ಖಾನೆಯಲ್ಲಿ ಕೂತು ಹೊಲಿದಳು. ಹೊಲಿದು ಹೊಲಿದು ಮೊಣಕಾಲು ಕೈಕೊಟ್ಟವು. ಈಗ ಮನೆಯ ಹೊಸ್ತಿಲು ದಾಟಬೇಕಾದರೂ ಬಾಗಿಲು ಹಿಡಿಯಬೇಕು. ಅತ್ತ ಕಲ್ಕತ್ತಾದಲ್ಲೂ ಟ್ರಾಮುಗಳು ಒಂದೊಂದಾಗಿ ನಿಲ್ಲುತ್ತಿವೆಯೆಂದು ಸುದ್ದಿ ಬಂತು. ಅವತ್ತು ಅಮೀರಸಾಬ್ ಊಟ ಬಿಟ್ಟು ಎದ್ದವನು ತಗಡು ತರಲು ಹೋದ.

ಮೊದಲು ಕಟ್ಟಿದ್ದು ಚಿಕ್ಕದು, ಅಂಗೈ ಅಗಲದ ಹಳಿಯ ಮೇಲೆ ಓಡುವಂಥದ್ದು. ಆಮೇಲೆ ನೋಡಿದರೆ ಅದು ಹಿಂದೆ ಎಳೆದುಕೊಂಡು ಹೋಗುವ ಜೋಡುಗಾಡಿಯಲ್ಲಿ ಮನುಷ್ಯರು ಕೂರಬೇಕೆಂದರೆ ಕುಕ್ಕರಗಾಲಿನಲ್ಲೇ ಕೂರಬೇಕು, ಸರ್ವರಬಿಯ ಮೊಣಕಾಲು ಮಡಚುವುದಿಲ್ಲ. ಕುರ್ಚಿಯ ಎತ್ತರಕ್ಕೆ ಕೂರಿಸಿದರೆ ಗಾಡಿ ಮಗುಚಿಕೊಳ್ಳುತ್ತದೆ. ಹೀಗಾಗಿ ಅದನ್ನು ಬಿಚ್ಚಿ, ಹಳಿಯನ್ನು ಒಂದು ಮೊಳ ಅಗಲ ಮಾಡಿ, ಎಲ್ಲವನ್ನೂ ದೊಡ್ಡದಾಗಿ ಹೊಸದಾಗಿ ಕಟ್ಟಿದ. ಆ ಟ್ರಾಮಿನ ಅಳತೆಯೆಲ್ಲ ಒಬ್ಬ ಹೆಂಗಸಿನ ಮೊಣಕಾಲಿನಿಂದ ಹುಟ್ಟಿದ್ದು. ಇದನ್ನು ಅವನು ಯಾರಿಗೂ ಹೇಳಲಿಲ್ಲ, ಅವಳಿಗಂತೂ ಮೊದಲೇ ಇಲ್ಲ.

ಸರ್ವರಬಿ ಪಡಸಾಲೆಯಲ್ಲಿದ್ದ ತನ್ನ ಮಂಚವನ್ನು ಅಡುಗೆಮನೆಗೆ ಸಾಗಿಸಿಕೊಂಡಳು. "ಸವತಿ ತಂದು ಕುಂದ್ರಿಸ್ಯಾನವ್ವ, ಅದೂ ಹಳದಿ ಸೀರಿ ಸವತಿ," ಎಂದು ಓಣಿಯವರ ಮುಂದೆ ಬೈದಳು. ಬೈಯುತ್ತಲೇ ಹೊತ್ತಿಗೆ ಸರಿಯಾಗಿ ರೊಟ್ಟಿ ಬಡಿದಳು. ಬಣ್ಣದ ವಾಸನೆ ಕುಡಿದುಕೊಂಡು, ಕಬ್ಬಿಣದ ಚೂರು ಗುಡಿಸಿಕೊಂಡು ವರ್ಷಗಳನ್ನೇ ಕಳೆದಳು. ಒಂದು ಸಲವೂ "ಹೊರಗೆ ಎಸೀರಿ" ಅನ್ನಲಿಲ್ಲ. ಅವಳ ಆ ಉಪಕಾರ ಅಮೀರಸಾಬನ ಎದೆಯಲ್ಲಿ ಕೂತಿತ್ತು, ನಾಲಿಗೆಗೆ ಮಾತ್ರ ಬಂದಿರಲಿಲ್ಲ.

ಗಾಡಿಯೇನೋ ಆಯಿತು, ಓಡಿಸುವುದೆಲ್ಲಿ? ಕೌಲ್ ಬಜಾರಿನಲ್ಲಿ ಸೈಕಲ್ ನಿಲ್ಲಿಸಲಿಕ್ಕೇ ಜಾಗವಿಲ್ಲ.

ದಾರಿ ತೋರಿಸಿದವಳು ಸಿರುಗುಪ್ಪದ ಗಾದೆಮ್ಮ. ಅವಳ ಗಂಡ ಚಿದಾನಂದಪ್ಪ ಅಲ್ಲಿನ ಒಂದು ಅಕ್ಕಿ ಗಿರಣಿಯಲ್ಲಿ ಮೇಸ್ತ್ರಿ. ಚೀಲ ಹೊಲಿಯುವ ಮಿಷನ್ ಕೆಟ್ಟಾಗಲೆಲ್ಲ ಅಮೀರಸಾಬನೇ ಹೋಗಬೇಕು. ಹೋದಾಗಲೆಲ್ಲ ಗಾದೆಮ್ಮನ ಕೈಯ ಊಟ ಆಗಲೇಬೇಕು, ಹಾಗೆ ಬೆಳೆದ ನೆಂಟಸ್ತಿಕೆ. ಗಿರಣಿಯ ಮುಂದೆ ಭತ್ತ ಒಣಗಿಸುವ ಸಿಮೆಂಟಿನ ಕಣವಿದೆ, ಅಂಗೈಯಂತೆ ಸಪಾಟು. ಗಾದೆಮ್ಮ ಗಿರಣಿ ಮಾಲೀಕರ ಮುಂದೆ ನಿಂತು, "ನಮ್ಮ ಸರ್ವರಕ್ಕನ್ನ ಗಾಡ್ಯಾಗ ಕುಂದ್ರಸಬೇಕ್ರಿ ಧಣಿ, ಒಂದ ದಿನ ಕಣ ಬಿಟ್ಟುಕೊಡ್ರಿ," ಎಂದು ಪಟ್ಟು ಹಿಡಿದಳು. ಆಯುಧ ಪೂಜೆಯ ದಿನ ಗಿರಣಿಗೆ ರಜೆ, ಆ ಒಂದು ದಿನ ನಿಮ್ಮದು ಅಂದರು ಮಾಲೀಕರು. ಹಬ್ಬ ಮುಗಿದ ಮೇಲೆ ಆ ಕಣ ಅಗೆದು ಗೋಡೌನ್ ಕಟ್ಟುವವರಿದ್ದರು. ಅಂದರೆ ಓಡಿದರೆ ಅವತ್ತೇ ಓಡಬೇಕು.

ಹಬ್ಬದ ಹಿಂದಿನ ದಿನ ಅಮೀರಸಾಬ್ ನಿಜವಾಗಿಯೂ ಬಾಗಿಲ ಚೌಕಟ್ಟು ಕಿತ್ತ. ವೆಂಕಣ್ಣನೇ ಬಂದು ಗಾಡಿಯ ಒಂದು ಮೂಲೆಗೆ ಕೈ ಕೊಟ್ಟ. ಕುರುಗೋಡಿನಲ್ಲಿ ಗ್ರಿಲ್ ಅಂಗಡಿ ಇಟ್ಟಿರುವ ಕರಿಬಸವ ಹಳಿಗಳನ್ನು ಹೇರಿಕೊಂಡು ನೆಟ್ಟಗೆ ಸಿರುಗುಪ್ಪಕ್ಕೆ ಬಂದ. ಕಬ್ಬಿಣದ ಪಟ್ಟಿಯನ್ನು ಅದರ ಅಂಚಿನ ಮೇಲೆ ಬಾಗಿಸುವುದು ಸುಲಭವಲ್ಲ, ಎಷ್ಟೋ ಪಟ್ಟಿ ಕೆಡಿಸಿ ಕೆಡಿಸಿ ಅವನು ತಿರುವುಗಳನ್ನು ಸಾಧಿಸಿದ್ದ. ಸಂಜೆಯೊಳಗೆ ಕಣದ ಸುತ್ತ ಹಳಿ ಕೂತಿತು. ಸಿಮೆಂಟ್ ತುಂಬಿದ ಬಣ್ಣದ ಡಬ್ಬಿಗಳಲ್ಲಿ ಕಂಬ ನಿಂತವು, ತಂತಿ ಬಿಗಿಯಿತು. ಒಂದು ಸುತ್ತು ಬರಿ ಗಾಡಿ ಓಡಿಸಿ ನೋಡಿದರು. ಬೆಣ್ಣೆಯ ಹಾಗೆ ಹೋಯಿತು.

ಮರುದಿನ ಬೆಳಗ್ಗೆ ಗಂಡಸರೆಲ್ಲ ನಾಷ್ಟಾಕ್ಕೆ ಹೋಗಿ ಬಂದರು. ಸರ್ವರಬಿ ಹೊಸ ಸೀರೆ ಉಟ್ಟು ಬಂದಿದ್ದಳು. ಜೋಡುಗಾಡಿಯಲ್ಲಿ ಒಂದರ ಹಿಂದೊಂದು ಎರಡು ಕುರ್ಚಿ. ಮುಂದಿನದರಲ್ಲಿ ಅವಳನ್ನು ಅಮೀರಸಾಬನೇ ಕೈ ಹಿಡಿದು ಕೂರಿಸಿದ. ಕಾಲು ಆರಾಮಾಗಿ ಕೆಳಗಿಳಿದಿದ್ದನ್ನು ಅವಳು ನೋಡಿದಳು, ಅವನ ಮುಖವನ್ನೂ ನೋಡಿದಳು. ಟ್ರಾಮಿಗೆ ಚೆಂಡುಹೂವಿನ ಮಾಲೆ ಬಿದ್ದಿತ್ತು, ಹಣೆಗೆ ಕುಂಕುಮವಿತ್ತು. ಗಾದೆಮ್ಮ ಕೈ ಕಟ್ಟಿಕೊಂಡು, ಮಗಳನ್ನು ಸಿಂಗರಿಸಿದ ತಾಯಿಯ ಹಾಗೆ ಬೀಗುತ್ತ ನಿಂತಿದ್ದಳು. ಹಮಾಲರ ಮನೆಯವರೆಲ್ಲ ನೆರೆದಿದ್ದರು.

ಅಮೀರಸಾಬ್ "ಬಿಸ್ಮಿಲ್ಲಾ" ಅಂದು, ಗಾಡಿಯಿಂದ ಉದ್ದ ವೈರಿನಲ್ಲಿ ಹೊರಗೆಳೆದಿದ್ದ ಓಡಿಸುವ ಹಿಡಿಕೆ ತಿರುಗಿಸಿದ.

ಗಾಡಿ ಅಲುಗಲಿಲ್ಲ.

ಇನ್ನಷ್ಟು ತಿರುಗಿಸಿದ. ಮುಂದಿನ ದೀಪ ಮಿಣುಕ್ ಅಂತು, ಆರಿತು. ಕಣದ ಬದಿಗಿಟ್ಟು ತಂತಿಗೆ ಜೋಡಿಸಿದ್ದ ಬ್ಯಾಟರಿ ನೋಡಿದ, ಸರಿ ಇತ್ತು. ತಂತಿಯಲ್ಲಿ ಕರೆಂಟಿತ್ತು. ಕೋಲು ತಂತಿಗೆ ಅಂಟಿಕೊಂಡೇ ಇತ್ತು. ಕರಿಬಸವ ಮೋಟರಿನ ಮುಚ್ಚಳ ತೆಗೆದು ನೋಡಿ ತಲೆ ಕೆರೆದುಕೊಂಡ. "ನಿನ್ನಿ ಓಡಿತ್ತಲ್ಲೋ ಕಾಕಾ, ಇವತ್ತೇನು ದೃಷ್ಟಿ ಆತು?" ಎಂದ. ಬಿಸಿಲೇರಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲವಲ್ಲ ಎಂದು ಅಮೀರಸಾಬನಿಗೆ ಬೆವರಿಳಿಯಿತು.

ಕೊನೆಗೆ ಚಕ್ರ ನೋಡಲು ಬಗ್ಗಿ ಹಳಿಯ ಮೇಲೆ ಕೈಯೂರಿದ. ಬೆರಳು ಹಳದಿಯಾಯಿತು, ಜಾರಿತು.

ಅವನಿಗೆ ತಟ್ಟನೆ ಎಲ್ಲ ಹೊಳೆಯಿತು. ಕರೆಂಟು ತಂತಿಯಿಂದ ಕೋಲಿಗಿಳಿದು, ಮೋಟರು ತಿರುಗಿಸಿ, ಚಕ್ರದ ಮೂಲಕ ಹಳಿಗಿಳಿದು ಬ್ಯಾಟರಿಗೆ ವಾಪಸ್ ಹೋಗಬೇಕು. ಹಳಿ ಬೆತ್ತಲೆ ಕಬ್ಬಿಣವಾಗಿದ್ದರೆ ಮಾತ್ರ ಅದು ಸಾಧ್ಯ. ಗಂಡಸರು ನಾಷ್ಟಾಕ್ಕೆ ಹೋಗಿದ್ದ ಹೊತ್ತಿನಲ್ಲಿ ಗಾದೆಮ್ಮ ಹಬ್ಬದ ಪದ್ಧತಿಯಂತೆ ಆ ಕಬ್ಬಿಣವನ್ನು ತೊಳೆದಿದ್ದಳು, ಹರಳೆಣ್ಣೆ ಸವರಿದ್ದಳು, ಅರಿಶಿನ ಬಳಿದಿದ್ದಳು, ಮೇಲೆ ವಿಭೂತಿ ಎಳೆದು ಕುಂಕುಮದ ಬೊಟ್ಟಿಟ್ಟಿದ್ದಳು. ಒಂದು ಕಡೆಯಲ್ಲ ಮಾರಾಯರೇ, ಕಣದ ಸುತ್ತ, ಎರಡೂ ಹಳಿಗೆ! ಗಿರಣಿಯ ಮಿಷನ್ನುಗಳಿಗೆಲ್ಲ ಪ್ರತಿ ವರ್ಷ ಮಾಡುವ ಹಾಗೇ, ಅದಕ್ಕಿಂತ ಒಂದು ಕೈ ಹೆಚ್ಚಾಗಿ. ಹಬ್ಬದ ದಿನ ಎಲ್ಲಿ ನೋಡಿದರೂ ಅರಿಶಿನ ಕುಂಕುಮವೇ, ಹಾಗಾಗಿ ಕಣ್ಣಿಗೆ ಬಿದ್ದರೂ ಯಾರ ತಲೆಗೂ ಹೋಗಿರಲಿಲ್ಲ.

ಅಮೀರಸಾಬ್ ಮೇಲೆದ್ದು ಕೈಯನ್ನು ಬೆನ್ನ ಹಿಂದೆ ಮರೆಮಾಡಿದ. ಕಣ ಕೊಡಿಸಿದವಳೇ ಅವಳು. ನಿನ್ನ ಪೂಜೆಯಿಂದಲೇ ಗಾಡಿ ನಿಂತಿತು ಅಂತ ಹಬ್ಬದ ದಿನ, ಇಷ್ಟು ಜನರ ಮುಂದೆ ಹೇಗೆ ಹೇಳುವುದು? ಅವಳಿಟ್ಟ ಕುಂಕುಮವನ್ನು ತಾನು ಹೇಗೆ ಒರೆಸುವುದು? ಉಪ್ಪು ತಿಂದ ಮನೆ.

"ತಂತಿದು ಏನೋ ದೋಷ ಐತಿ, ಚಿದಾನಂದಣ್ಣ. ಇವತ್ತು ಆಗಂಗಿಲ್ಲ ಕಾಣತೈತಿ," ಎಂದ.

ಚಿದಾನಂದಪ್ಪ ಕಂಗಾಲಾದ. "ಹಂಗಂದ್ರ ಹೆಂಗ? ನಾವೆಲ್ಲ ಸೇರಿ ನೂಕೂಣು."

"ನೂಕಿದ್ರ ಅದು ಟ್ರಾಮ್ ಅಲ್ಲ ಬಿಡು."

ಕುರ್ಚಿಯಿಂದ ಸರ್ವರಬಿಯ ದನಿ ಬಂತು. "ಏನ್ರೀ, ಇಲ್ಲಿ ಬರ್ರಿ. ಕೈ ತೋರಸ್ರಿ."

"ಏನಿಲ್ಲ ಬಿಡು."

"ಜೀವಮಾನ ಎಲ್ಲಾ ಮಿಷನ್ ಮುಂದ ಕುಂತಾಕಿ ನಾನು. ತೋರಸ್ರಿ ಅಂದೆ."

ತೋರಿಸಿದ. ಅವಳು ಹಳದಿ ಬೆರಳು ನೋಡಿದಳು, ಹಳಿ ನೋಡಿದಳು, ಗಾದೆಮ್ಮನನ್ನು ನೋಡಿದಳು.

"ಮೆಲ್ಲಗ ಮಾತಾಡು. ಆಕಿ ಕೇಳಿದ್ರ ಎದಿ ಒಡಕೊಂತಾಳ," ಎಂದು ಅವನು ಪಿಸುಗುಟ್ಟಿದ.

"ಅದಕ್ಕ ಸುಳ್ಳು ಹೇಳಿ ಮನಿಗೆ ಹೋಗೂಣೇನು? ಆಕಿ ಮನಸ್ಸು ಅಷ್ಟು ಸಣ್ಣದಂತ ತಿಳದೀರೇನು? ಅದು ಆಕಿಗೆ ಮಾಡೋ ಅವಮಾನ ನೋಡ್ರಿ," ಎಂದು ಸರ್ವರಬಿ ಸಿಡುಕಿದಳು. ಆಮೇಲೆ ಎಲ್ಲರಿಗೂ ಕೇಳುವ ಹಾಗೆ ಕರೆದಳು. "ಗಾದೆಮ್ಮ, ಬಾರವ್ವ ಇಲ್ಲಿ. ಪೂಜಿ ಭಾಳ ಚಂದ ಮಾಡೀಯ. ಆದ್ರ ಈ ಗಾಡಿ ಉಸರಾಡೋದು ಹಳಿ ಮ್ಯಾಲಿಂದಂತ. ಅರಿಶಿಣದಾಗ ಅದರ ಉಸರು ಸಿಕ್ಕೊಂಡೈತಿ. ಪೂಜಿ ಆದಮ್ಯಾಲೆ ಎಲ್ಲಾರಿಗೂ ಹಚ್ಚತೀರಲ್ಲ, ಹಂಗ ಇದನ್ನೂ ತಗದು ಹಚ್ಚವ್ವ. ಮೊದಲು ನನಗ ಹಚ್ಚು. ಮಣಕಾಲಿಗೆ ಹಚ್ಚು, ಅರಿಶಿಣ ಎಣ್ಣಿ ನೋವಿಗೂ ಛಲೋ."

ಗಾದೆಮ್ಮ ಸೆರಗನ್ನು ಬಾಯಿಗೆ ಹಿಡಿದು ಹಳಿಯ ಉದ್ದಕ್ಕೂ ಕಣ್ಣು ಹಾಯಿಸಿದಳು. ಅಮೀರಸಾಬನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

"ಅಯ್ಯ ನನ್ನ ಕರ್ಮವೇ!" ಎಂದು ಗಾದೆಮ್ಮ ಹಣೆ ಬಡಿದುಕೊಂಡಳು. "ಛಲೋ ಆಗ್ಲಿ ಅಂತ ಹಚ್ಚಿದ್ನಲ್ಲಕ್ಕ, ಗಾಡಿ ಕುತ್ತಿಗಿನ ಹಿಚುಕಿಬಿಟ್ನ್ಯಾ? ಸುಡ್ಲಿ ನನ್ನ ಬುದ್ಧಿ!" ಎಂದವಳೇ ಅಮೀರಸಾಬನ ಕಡೆ ತಿರುಗಿದಳು. "ಅಣ್ಣಾ, ಗೊತ್ತಿದ್ದೂ ತಂತಿ ಮ್ಯಾಲೆ ಹಾಕಿದೇನು? ತಂಗಿ ಅಂತೀಯ, ಬೈಯಾಕ ಬರಂಗಿಲ್ಲ ನಿನಗ?"

ಅಷ್ಟಂದು ಬಿದ್ದು ಬಿದ್ದು ನಕ್ಕಳು. ನಗು ಕಣಕ್ಕೆಲ್ಲ ಹಬ್ಬಿತು. "ಗಂಡಸ್ರೆಲ್ಲ ಆ ಕಡಿ ತಿರುಗ್ರಿ," ಎಂದು ಗದರಿಸಿ, ಹಳಿಯ ಅರಿಶಿನ ಬಳಿದು ತಂದು, ಸರ್ವರಬಿಯ ಎರಡೂ ಮೊಣಕಾಲಿಗೆ ತಿಕ್ಕಿ ತಿಕ್ಕಿ ಹಚ್ಚಿದಳು. ಉಳಿದವರು ಗಾಡಿ ಒರೆಸಲು ತಂದಿದ್ದ ಜೀನ್ಸ್ ಬಟ್ಟೆಯ ತುಂಡು ಹಿಡಿದು ಕೂತರು. ಹಮಾಲರು, ಅವರ ಹೆಂಡಿರು, ಚಿದಾನಂದಪ್ಪ, ಎಲ್ಲರೂ ಮಂಡಿಯೂರಿ ಹಳಿ ಒರೆಸಿದರು. ಒರೆಸುವ ಮೊದಲು ಒಂದು ಚಿಟಿಕೆ ತೆಗೆದು ಹಣೆಗಿಟ್ಟುಕೊಂಡರು. ಹಿಂದೆ ಹಿಂದೆ ಕರಿಬಸವ ಪಾಲಿಶ್ ಕಾಗದ ಉಜ್ಜುತ್ತ ಬಂದ. ಟ್ರಾಮಿನ ಹಣೆಯ ಮೇಲಿನ ಕುಂಕುಮವನ್ನು ಮಾತ್ರ ಮುಟ್ಟಲು ಅಮೀರಸಾಬ್ ಬಿಡಲಿಲ್ಲ.

"ಅದಿರ್ಲಿ. ಅಲ್ಲಿ ಕರೆಂಟಿನ ಕೆಲಸಿಲ್ಲ," ಎಂದ.

ಈ ಸಲ ಹಿಡಿಕೆ ತಿರುಗಿಸಿದಾಗ ದೀಪ ಝಗ್ಗನೆ ಹತ್ತಿತು. ಗುಂಯ್ ಎಂದು ಮೋಟರು ಎದ್ದಿತು, ಕೋಲಿನ ತುದಿಯಲ್ಲಿ ಒಂದು ಕಿಡಿ ಹಾರಿತು, ಟ್ರಾಮ್ ಹೊರಟಿತು. ಹಿಂದೆ ಸರ್ವರಬಿ ಎರಡೂ ಕೈಯಲ್ಲಿ ಕುರ್ಚಿ ಹಿಡಿದು "ಯಾ ಅಲ್ಲಾ" ಅನ್ನುತ್ತ, ಹೆದರುತ್ತ, ನಗುತ್ತ ಹೊರಟಳು. ವೈರಿನ ತುದಿಯ ಹಿಡಿಕೆ ಹಿಡಿದು ಅಮೀರಸಾಬ್ ಪಕ್ಕದಲ್ಲೇ ನಡೆದ. ತಿರುವಿನಲ್ಲಿ ಚಕ್ರ ಕಿರ್ರೋ ಅಂತು. ಅದೇ ಸದ್ದು!

ಮೂಲೆಯಲ್ಲಿ ನಿಂತಿದ್ದ ಗಾದೆಮ್ಮ ತಮಾಷೆಗೆ ಕೈ ಮಾಡಿದಳು.

"ನಿಂದ್ರಸ್ರಿ! ಹೆಣ್ಮಗಳು ಕೈ ಮಾಡ್ಯಾಳ," ಎಂದು ಸರ್ವರಬಿ ಹುಕುಂ ಮಾಡಿದಳು.

ಅವನು ನಿಲ್ಲಿಸಿದ. ಗಾದೆಮ್ಮ ನಾಚಿಕೊಂಡು, ಸೆರಗು ಸಿಕ್ಕಿಸಿ, ನಿಧಾನವಾಗಿ ಹತ್ತಿ ಹಿಂದಿನ ಕುರ್ಚಿಯಲ್ಲಿ ಕೂತಳು. ಅವಳು ಸರಿಯಾಗಿ ಕೂರುವ ತನಕ ಟ್ರಾಮ್ ಕಾಯಿತು.

ಸುತ್ತಿನ ಮೇಲೆ ಸುತ್ತು ಹೋದರು. ಹೆಂಗಸರಿಬ್ಬರೂ ಕಾರ್ಖಾನೆ, ಗಿರಣಿ, ಮಕ್ಕಳು, ಮೊಮ್ಮಕ್ಕಳು ಎಂದು ಬಸ್ಸಿನಲ್ಲಿ ಕೂತವರ ಹಾಗೆ ಮಾತಿಗೆ ಬಿದ್ದಿದ್ದರು. ಬಿಸಿಲು ಇಳಿಯುವ ಹೊತ್ತಿಗೆ ಗಾದೆಮ್ಮ ಒಲೆಯ ನೆನಪಾಗಿ ಇಳಿದು ಹೋದಳು. ಕಣದ ಆ ಬದಿಯಲ್ಲಿ ಗಂಡಹೆಂಡತಿ ಇಬ್ಬರೇ ಇದ್ದಾಗ ಅಮೀರಸಾಬನ ನಾಲಿಗೆ ಕಡೆಗೂ ಸಡಿಲವಾಯಿತು.

"ಸರ್ವರಬಿ, ನಿನ್ನ ಪಡಸಾಲಿ ಎಲ್ಲಾ ನುಂಗಿಬಿಟ್ಟೆ ನಾನು. ನೀ ಒಂದು ದಿನಾನೂ ಬ್ಯಾಡ ಅನ್ಲಿಲ್ಲ. ನಿನ್ನ ಉಪಕಾರ ಭಾಳ ದೊಡ್ಡದು."

"ಈಗ ಬಂತೇನು ಬಾಯಿ?" ಎಂದಳು ಅವಳು. ಮುಂದಿನ ಹಳದಿ ಗಾಡಿಯನ್ನು ನೋಡಿದಳು. "ಹಳಿ ಯಾಕ ಅಗಲ ಮಾಡಿದ್ರಿ ಅಂತ ನನಗೂ ಗೊತ್ತಾಗೈತಿ. ಸಣ್ಣ ಗಾಡಿ ಬಿಚ್ಚಿದ್ರಲ್ಲ, ಅವತ್ತ ಗೊತ್ತಾಗಿತ್ತು." ಸೆರಗಿನಿಂದ ಕಣ್ಣೊರೆಸಿಕೊಂಡಳು.

ಹಾಗೇ ಒಂದು ತಿರುವು ದಾಟಿದರು. ದೂರದಲ್ಲಿ ಚಿದಾನಂದಪ್ಪ ಕಂಬ ಕೀಳಲು ಆಳುಗಳನ್ನು ಕೂಡಿಸುತ್ತಿದ್ದ.

"ಕಾಲು ಹಿಡಕೊಂಡಿರಬೇಕಲ್ಲ? ನಿಂದ್ರಸ್ಲೇನು?" ಎಂದು ಕೇಳಿದ.

"ಬ್ಯಾಡ್ರಿ," ಎಂದಳು ಸರ್ವರಬಿ. "ನಿಂದ್ರಸಬ್ಯಾಡ್ರಿ."