ಎಡಗವಲು

ಮಿಸ್ಸಿನಿಪಿ ಹೊಳೆ ಕವಲೊಡೆಯುವಲ್ಲಿ ಸೆಲೆಸ್ಟೀನ್ ಅಜ್ಜಿ ದೋಣಿಯನ್ನು ಬಲಕ್ಕೆ ತಿರುಗಿಸಿದಳು. ಹೊಳೆಯ ಅಳತೆಗೆಂದು ದಕ್ಷಿಣದ ಪಟ್ಟಣದಿಂದ ಬಂದಿದ್ದ ಡಂಕನ್ ತೊಡೆಯ ಮೇಲೆ ನಕ್ಷೆ ಹರಡಿಕೊಂಡ.

"ಅಜ್ಜಿ, ಎಡಕ್ಕೆ ಹೋಗ್ಬೇಕು. ಊರು ಹತ್ರ ಆಗುತ್ತೆ."

"ಅಲ್ಲಿ ಹೊಳೆನೇ ಮುಗಿದುಹೋಗುತ್ತಪ್ಪ."

"ಇಲ್ಲ ಅಜ್ಜಿ, ನಕ್ಷೇಲಿ ದಾರಿ ಇದೆ."

"ಹಂಗಾದ್ರೆ ಸರಿ. ಹುಟ್ಟು ನೀನೇ ಹಾಕು."

ಎರಡು ಗಂಟೆ ಹುಟ್ಟು ಹಾಕಿ ಡಂಕನ್ ಬೆವರಿ ನೀರಾದ. ಕೊನೆಗೆ ದೋಣಿ ಜೊಂಡಿನೊಳಗೆ ನುಗ್ಗಿ ನಿಂತಿತು. ಮುಂದೆ ಬರೀ ಕೆಸರು. ಅದರಲ್ಲಿ ನಿಂತಿದ್ದ ಮೂಸ್ ಜಿಂಕೆಯೊಂದು ಮೇಯುವುದನ್ನು ಬಿಟ್ಟು ಇವರನ್ನೇ ನೋಡುತ್ತಿತ್ತು. ಡಂಕನ್ ಮುಖ ಕೆಂಪಾಯಿತು. ಅಜ್ಜಿ ಮಾತ್ರ ಹಾಯಾಗಿ ಚೀಲದಿಂದ ಬಲೆ ತೆಗೆದು ನೀರಿಗೆ ಬಿಟ್ಟಳು.

"ದಾರಿ ಇಲ್ಲ ಅಂತ ಗೊತ್ತಿದ್ದೂ ಯಾಕ್ ಬಂದ್ರಿ?"

"ಪೈಕ್ ಮೀನೆಲ್ಲ ಇಲ್ಲೇ ಇರೋದು. ಇಷ್ಟು ದೂರ ಹುಟ್ಟು ಹಾಕೋಕೆ ನನ್ನ ರಟ್ಟೇಲಿ ಶಕ್ತಿ ಇಲ್ಲ. ನೀನು ಸಿಕ್ದೆ."

ದಡದಲ್ಲಿ ಸುಟ್ಟ ಮೀನನ್ನು ಡಂಕನ್ ನಗುತ್ತಲೇ ತಿಂದ. ನಕ್ಷೆಯ ಗೆರೆಯನ್ನು ಪೆನ್ಸಿಲಿನಿಂದ ಹೊಡೆದುಹಾಕಿ, "ಈ ಜಾಗಕ್ಕೆ ಏನಂತೀರಿ?" ಎಂದು ಕೇಳಿದ.

"ಇವತ್ತಿನವರೆಗೂ ಹೆಸರಿರ್ಲಿಲ್ಲ," ಎಂದಳು ಅಜ್ಜಿ.

ಮರುವಾರದಿಂದ ಊರಿನವರೆಲ್ಲ ಅದನ್ನು ಡಂಕನ್ ದಾರಿ ಎನ್ನತೊಡಗಿದರು.