ಬಿಳಿ ಲಂಗದ ಒಂಬತ್ತನೇ ಪದರ

ಆ ವರ್ಷ ಪ್ಯಾರಿಸ್ಸಿನ ಸಿರಿವಂತ ಹೆಂಗಸರಿಗೆಲ್ಲ ಬ್ಯಾಲೆ ಕುಣಿಯುವವರ ಹಾಗೆ ನೆರಿಗೆ ಚಿಮ್ಮುವ ಲಂಗವೇ ಬೇಕಾಗಿತ್ತು. ಹೊಲಿಗೆಮನೆಯಲ್ಲಿ ಇಪ್ಪತ್ತು ವರ್ಷ ಸವೆಸಿದ್ದ ಸೊಲಾಂಜ್‌ಗೆ ಅದೇ ಕಂಟಕವಾಯಿತು. ಬಲೆಯಂಥ ಬಿಳಿ ಬಟ್ಟೆ, ಬಿಳಿ ದಾರ, ಎರಡೂ ಅವಳ ಕಣ್ಣಿಗೆ ಹೊಗೆಯಂತೆ ಕಾಣುತ್ತಿದ್ದವು. ಯಾರಿಗೂ ಹೇಳದೆ ಬೆರಳಿನಿಂದ ತಡವಿಕೊಂಡೇ ಹೊಲಿಯುತ್ತಿದ್ದಳು.

ಹೊಸ ಉಡುಪುಗಳ ಪ್ರದರ್ಶನದ ಬೆಳಿಗ್ಗೆ ರೂಪದರ್ಶಿ ಆರ್ಲೆತ್ ಲಂಗ ತೊಟ್ಟು ನಿಂತಿದ್ದಾಗ, ಸೊಲಾಂಜ್ ಮೊಣಕಾಲೂರಿ ಒಂಬತ್ತನೇ ಪದರದ ಅಂಚು ಹೊಲಿದು ಮುಗಿಸಿದಳು.

"ಆಯ್ತು, ಹೋಗಮ್ಮ."

ಆರ್ಲೆತ್ ಹೆಜ್ಜೆ ಇಟ್ಟಳು. ಸೊಲಾಂಜ್ ಮುಗ್ಗರಿಸಿದಳು. ತಾನು ತೊಟ್ಟಿದ್ದ ಕೆಲಸದ ಮೇಲಂಗಿಯ ಅಂಚನ್ನೇ ಲಂಗಕ್ಕೆ ಸೇರಿಸಿ ಹೊಲಿದುಬಿಟ್ಟಿದ್ದಳು.

"ಸೊಲಾಂಜಕ್ಕನೂ ಮೆರವಣಿಗೆ ಹೊರಟ್ಲು ಕಣ್ರೇ" ಎಂದು ಜೊತೆಗೆ ಹೊಲಿಯುತ್ತಿದ್ದ ಹುಡುಗಿಯರು ನಕ್ಕರು.

ಮೇಲ್ವಿಚಾರಕಿ ಮದಾಂ ಬೆರ್ತ್ ನಗಲಿಲ್ಲ. ಬಗ್ಗಿ ಹೊಲಿಗೆ ಬಿಚ್ಚಿ, ಅಂಚು ತಾನೇ ಸರಿಮಾಡಿ, ಆರ್ಲೆತ್‌ಳನ್ನು ಕೆಳಗೆ ಕಳಿಸಿದಳು. ಆಮೇಲೆ ಸೊಲಾಂಜ್ ಕೈಗೆ ಸೂಜಿ ಕೊಟ್ಟು, "ದಾರ ಪೋಣಿಸು" ಎಂದಳು.

ಸೊಲಾಂಜ್ ನಾಲ್ಕು ಸಲ ಪೋಣಿಸಲು ನೋಡಿದಳು. ನಾಲ್ಕು ಸಲವೂ ದಾರ ಸೂಜಿಯ ಪಕ್ಕದಲ್ಲೇ ಹೋಯಿತು.

"ಎಷ್ಟು ದಿನದಿಂದ?"

"ಕ್ರಿಸ್‌ಮಸ್‌ಗೆ ಮುಂಚಿನಿಂದ. ಕೆಲಸ ಬಿಡಿಸ್ಬೇಡಿ ಮದಾಂ. ಅಮ್ಮ ಹಾಸಿಗೆ ಹಿಡಿದಿದ್ದಾಳೆ. ಕಸ ಬೇಕಾದ್ರೂ ಗುಡಿಸ್ತೀನಿ."

"ಬಿದ್ದ ಪಿನ್ನು ಕಾಣದವಳು ಏನು ಗುಡಿಸ್ತೀಯೇ?"

ಬೆರ್ತ್ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಕಾಲಿಗೆ ಬಿದ್ದಾದರೂ ಇಳಿಸಬಹುದಿತ್ತು ಅನಿಸಿತು ಸೊಲಾಂಜ್‌ಗೆ. ಬೆರ್ತ್ ತಾನೇ ಅವಳ ಕೋಟು ತಂದು ತೊಡಿಸಿದಳು. ಅಷ್ಟರಲ್ಲಿ ಕೆಳಗಿನ ಸಭಾಂಗಣದಲ್ಲಿ ಚಪ್ಪಾಳೆ ಬಿತ್ತು.

"ಆ ಲಂಗಕ್ಕೇ ಇರ್ಬೇಕು" ಎಂದಳು ಬೆರ್ತ್.

ಸೊಲಾಂಜ್ ಗೋಡೆ ತಡವುತ್ತ ಹಿಂಬದಿಯ ಮೆಟ್ಟಿಲಿಳಿದಳು.